ಶೇಕಡಾ, ಅನುಪಾತದ ಡೇಟಾ ಸಫಿಶಿಯೆನ್ಸಿ: ಸಂಖ್ಯೆಯೇ ಕೊಡದಿದ್ದರೂ ಹೇಳಿಕೆ ಸಾಕಾಗುವುದು ಹೇಗೆ?

ಓದುಗೆಳೆಯ

ಎಲ್ಲರಿಗೂ ನಮಸ್ಕಾರ. ನನಗೂ ನನ್ನ ಜೊತೆ ಓದುವ ಗೆಳತಿಗೂ ಒಂದು ಲೆಕ್ಕದ ಮೇಲೆ ವಾದ ನಡೀತಿದೆ. ಇದು ಡೇಟಾ ಸಫಿಶಿಯೆನ್ಸಿ ಲೆಕ್ಕ, ಅಂದರೆ ಉತ್ತರ ಎಷ್ಟು ಅಂತಲ್ಲ, ಉತ್ತರ ಕಂಡುಹಿಡಿಯಲು ಯಾವ ಹೇಳಿಕೆ ಸಾಕು ಅಂತ ಹೇಳಬೇಕು. ಲೆಕ್ಕ ಇದು:

ಒಂದು ಸಂಸ್ಥೆಯಲ್ಲಿ ಈ ವರ್ಷ ಮಹಿಳಾ ಉದ್ಯೋಗಿಗಳು ಶೇ 20ರಷ್ಟು, ಪುರುಷ ಉದ್ಯೋಗಿಗಳು ಶೇ 10ರಷ್ಟು ಹೆಚ್ಚಾದರು. ಒಟ್ಟು ಉದ್ಯೋಗಿಗಳ ಸಂಖ್ಯೆ ಶೇಕಡಾ ಎಷ್ಟು ಹೆಚ್ಚಾಯಿತು?
ಹೇಳಿಕೆ 1: ಕಳೆದ ವರ್ಷ ಮಹಿಳೆಯರಿಗೂ ಪುರುಷರಿಗೂ ಇದ್ದ ಅನುಪಾತ 3:2.
ಹೇಳಿಕೆ 2: ಕಳೆದ ವರ್ಷ 180 ಮಹಿಳೆಯರಿದ್ದರು.

ಮೊದಲನೇ ಹೇಳಿಕೆ ಒಂದೇ ಸಾಕು ಅಂತ ಅವಳ ವಾದ. ಒಟ್ಟು ಎಷ್ಟು ಜನ ಅಂತಲೇ ಗೊತ್ತಿಲ್ಲದೆ ಹೆಚ್ಚಳ ಹೇಳೋದು ಹೇಗೆ, ಎರಡೂ ಬೇಕಲ್ವಾ ಅಂತ ನನ್ನ ಪ್ರಶ್ನೆ. ಯಾರಾದರೂ ಬಿಡಿಸಿ ಹೇಳಿ.

ಚುಟುಕು

ಗೆಳತಿ ಹೇಳಿದ್ದೇ ಸರಿ. 60 ಮಹಿಳೆ, 40 ಪುರುಷ ಅಂತ ಇಟ್ಟುಕೊಳ್ಳಿ. ಈ ವರ್ಷ 72 ಮತ್ತು 44. ಒಟ್ಟು 116. ಹೆಚ್ಚಳ ಶೇ 16. ಹೇಳಿಕೆ 1 ಒಂದೇ ಸಾಕು, ಅಂದರೆ ಉತ್ತರ ಎ.

ಓದುಗೆಳೆಯ

ಆದ್ರೆ 60, 40 ನೀವೇ ಇಟ್ಟುಕೊಂಡಿದ್ದು ತಾನೇ? ನಿಜವಾದ ಸಂಖ್ಯೆ ಬೇರೆ ಇದ್ದರೆ?

ಲೆಕ್ಕದ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದಿರಿ. ಇಲ್ಲಿ ಸ್ವಲ್ಪ ನಿಂತು ನೋಡೋಣ, ಈ ಜಾತಿಯ ಲೆಕ್ಕಗಳ ಬೇರು ಇಲ್ಲೇ ಇದೆ.

ಮಹಿಳೆಯರು 3ಕ, ಪುರುಷರು 2ಕ ಅಂತ ಬರೆಯಿರಿ. ಒಟ್ಟು 5ಕ. ಹೆಚ್ಚಾದವರು 3ಕದಲ್ಲಿ ಶೇ 20, ಅಂದರೆ 0.6ಕ. ಜೊತೆಗೆ 2ಕದಲ್ಲಿ ಶೇ 10, ಅಂದರೆ 0.2ಕ. ಒಟ್ಟು 0.8ಕ. ಈಗ 0.8ಕವನ್ನು 5ಕದಿಂದ ಭಾಗಿಸಿ. ಕ ಮೇಲೂ ಇದೆ, ಕೆಳಗೂ ಇದೆ. ಹೊಡೆದು ಹೋಯಿತು. ಉಳಿದದ್ದು 0.16. ಸಂಸ್ಥೆಯಲ್ಲಿ 50 ಜನ ಇರಲಿ, 5,000 ಜನ ಇರಲಿ, ಶೇ 16 ಬದಲಾಗುವುದಿಲ್ಲ.

ಹೇಳಿಕೆಗಳನ್ನು ಓದುವ ಮೊದಲೇ ನನ್ನ ವಿದ್ಯಾರ್ಥಿಗಳಿಗೆ ನಾನು ಕೇಳುವುದು ಒಂದೇ ಮಾತು: ಕೇಳಿರುವುದು ಪ್ರಮಾಣವೋ, ಎಣಿಕೆಯೋ? ಶೇಕಡಾ, ಅನುಪಾತ, 'ಎಷ್ಟು ಪಟ್ಟು', 'ಎಷ್ಟನೇ ಭಾಗ', ಇವೆಲ್ಲ ಪ್ರಮಾಣ. 'ಎಷ್ಟು ಜನ', 'ಎಷ್ಟು ಲೀಟರ್', ಇವು ಎಣಿಕೆ. ಅನುಪಾತ ಅನ್ನುವುದು ಅಳತೆಪಟ್ಟಿ ಹಾಕದ ನಕ್ಷೆ ಇದ್ದ ಹಾಗೆ. ಯಾವುದು ಯಾವುದಕ್ಕಿಂತ ಎಷ್ಟು ಪಟ್ಟು ದೂರ ಅಂತ ಅದರಿಂದ ಹೇಳಬಹುದು, ಎಷ್ಟು ಕಿಲೋಮೀಟರ್ ಅಂತ ಹೇಳಲಾಗದು. ಕೇಳಿದ್ದು ಪ್ರಮಾಣವಾದರೆ ಅನುಪಾತ ಸಾಕು. ಕೇಳಿದ್ದು ಎಣಿಕೆಯಾದರೆ ಎಲ್ಲೋ ಒಂದು ಕಡೆ ನಿಜವಾದ ಒಂದು ಸಂಖ್ಯೆ ಸಿಗಬೇಕು.

ಹೇಳಿಕೆ 2ನ್ನೂ ನೋಡಿ. ಅದರಲ್ಲಿ 180 ಅನ್ನುವ ಗಟ್ಟಿ ಸಂಖ್ಯೆ ಇದೆ. ಇದರಿಂದ ಕೆಲಸ ಆಗುತ್ತದೆ ಅಂತ ಅನಿಸುತ್ತದೆ. ಆದರೆ ಪುರುಷರು 20 ಜನವೋ 2,000 ಜನವೋ ಗೊತ್ತಿಲ್ಲ. 20 ಜನವಾದರೆ ಒಟ್ಟು ಹೆಚ್ಚಳ ಶೇ 19. 2,000 ಜನವಾದರೆ ಶೇ 11ರ ಹತ್ತಿರ. ಹಾಗಾಗಿ ಸಾಲದು. ಹೇಳಿಕೆಯಲ್ಲಿ ಸಂಖ್ಯೆ ಇದೆಯಾ ಇಲ್ವಾ ಅನ್ನುವುದು ಮುಖ್ಯವಲ್ಲ. ಕೇಳಿದ್ದಕ್ಕೆ ಬೇಕಾದ ಸಂಬಂಧ ಅದರಲ್ಲಿ ಇದೆಯಾ ಅನ್ನುವುದು ಮುಖ್ಯ.

ಪೆನ್ಸಿಲ್

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಇದೇ ಲೆಕ್ಕದಲ್ಲಿ ಅನುಪಾತವನ್ನು ನೇರವಾಗಿ ಕೊಡದೆ ಬಚ್ಚಿಟ್ಟೂ ಕೊಡಬಹುದು. ಎರಡು ಉದಾಹರಣೆ:

'ಈ ವರ್ಷ ಮಹಿಳೆಯರಿಗೂ ಪುರುಷರಿಗೂ ಇರುವ ಅನುಪಾತ 18:11.' ಈ ವರ್ಷದ್ದು ಕೊಟ್ಟರೆ ಹಿಂದಕ್ಕೆ ಹೋಗಬಹುದು. 18ನ್ನು 1.2ರಿಂದ ಭಾಗಿಸಿದರೆ 15. 11ನ್ನು 1.1ರಿಂದ ಭಾಗಿಸಿದರೆ 10. 15:10 ಅಂದರೆ ಅದೇ 3:2.

'ಹೊಸದಾಗಿ ಸೇರಿದ ಮಹಿಳೆಯರ ಸಂಖ್ಯೆ ಹೊಸದಾಗಿ ಸೇರಿದ ಪುರುಷರ ಮೂರು ಪಟ್ಟು' (ಯಾರೂ ಕೆಲಸ ಬಿಟ್ಟಿಲ್ಲ ಅಂತ ಇಟ್ಟುಕೊಳ್ಳಿ). ಇಲ್ಲಿ ಅನುಪಾತ ಅನ್ನುವ ಪದವೇ ಇಲ್ಲ. ಆದರೆ 0.2ಮ = 3 × 0.1ಪ ಅಂತ ಬರೆದ ಕೂಡಲೇ ಮ:ಪ = 3:2 ಹೊರಗೆ ಬರುತ್ತದೆ.

ಎರಡೂ ಸಾಕು. ಹಾಗಾಗಿ 'ಅನುಪಾತ ಕೊಟ್ಟಿಲ್ಲ' ಅಂತ ಬೇಗ ತಳ್ಳಿಹಾಕಬೇಡಿ. ಒಂದು ಸಲ ಸಮೀಕರಣವಾಗಿ ಬರೆದು ನೋಡಿ.

ಸಂಜೆ ತರಗತಿ

ನಾನು ಈಗಷ್ಟೇ ಓದಲು ಶುರು ಮಾಡಿದ್ದೇನೆ. ಎ, ಬಿ, ಸಿ ಅಂತ ಹೇಳ್ತಿದ್ದೀರಲ್ಲ, ಅವು ಎಲ್ಲಾ ಪರೀಕ್ಷೆಯಲ್ಲೂ ಒಂದೇನಾ?

ಪೆನ್ಸಿಲ್

ಇಲ್ಲ. ಎಂಬಿಎ ಥರದ ಕೋರ್ಸ್‌ಗಳ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್‌ನಲ್ಲಿ ಐದು ಆಯ್ಕೆಗಳು ಯಾವಾಗಲೂ ಇದೇ ಕ್ರಮದಲ್ಲಿ ಬರುತ್ತವೆ. ಎ: ಹೇಳಿಕೆ 1 ಮಾತ್ರ ಸಾಕು. ಬಿ: ಹೇಳಿಕೆ 2 ಮಾತ್ರ ಸಾಕು. ಸಿ: ಎರಡೂ ಸೇರಿದರೆ ಸಾಕು, ಬಿಡಿಯಾಗಿ ಯಾವುದೂ ಸಾಲದು. ಡಿ: ಎರಡರಲ್ಲಿ ಯಾವುದನ್ನು ತೆಗೆದುಕೊಂಡರೂ ಅದೊಂದೇ ಸಾಕು. ಇ: ಎರಡೂ ಸೇರಿದರೂ ಸಾಲದು. 2023ರ ಕೊನೆಗೆ ಬಂದ ಹೊಸ ಮಾದರಿಯಲ್ಲಿ ಈ ಲೆಕ್ಕಗಳು ಡೇಟಾ ಇನ್‌ಸೈಟ್ಸ್ ವಿಭಾಗಕ್ಕೆ ಹೋಗಿವೆ. ಆ ವಿಭಾಗದಲ್ಲಿ 45 ನಿಮಿಷಕ್ಕೆ 20 ಪ್ರಶ್ನೆ. ಬ್ಯಾಂಕ್ ಪರೀಕ್ಷೆಗಳಲ್ಲಿ ಆಯ್ಕೆಗಳ ಕ್ರಮ ಬೇರೆ ಇರಬಹುದು, ಕೆಲವೊಮ್ಮೆ ಮೂರು ಹೇಳಿಕೆಯೂ ಇರುತ್ತವೆ. ಸೂಚನೆ ಓದಿಯೇ ಗುರುತು ಹಾಕಿ. ಈ ಚರ್ಚೆಯಲ್ಲಿ ಮೇಲಿನ ಕ್ರಮವನ್ನೇ ಬಳಸೋಣ.

ನಿಧಾನಿ

ಮೇಷ್ಟ್ರೇ, 'ಎಣಿಕೆ ಕೇಳಿದರೆ ಒಂದು ಸಂಖ್ಯೆ ಬೇಕು' ಅಂದಿರಿ. ಯಾವ ಸಂಖ್ಯೆ ಕೊಟ್ಟರೂ ಆಗುತ್ತಾ? ಇದನ್ನು ನೋಡಿ:

ಒಂದು ತರಗತಿಯಲ್ಲಿ ಹುಡುಗರಿಗೂ ಹುಡುಗಿಯರಿಗೂ ಇರುವ ಅನುಪಾತ 5:3. ಒಟ್ಟು ಎಷ್ಟು ಮಕ್ಕಳು?
ಹೇಳಿಕೆ 1: ಇನ್ನೂ 6 ಹುಡುಗಿಯರು ಸೇರಿದರೆ ಅನುಪಾತ 5:4 ಆಗುತ್ತದೆ.
ಹೇಳಿಕೆ 2: ಇನ್ನೂ 5 ಹುಡುಗರು, 3 ಹುಡುಗಿಯರು ಸೇರಿದರೆ ಅನುಪಾತ 5:3 ಆಗಿಯೇ ಉಳಿಯುತ್ತದೆ.

ಎರಡರಲ್ಲೂ ಗಟ್ಟಿ ಸಂಖ್ಯೆ ಇದೆ. ಹಾಗಾದರೆ ಡಿ ಅಲ್ವಾ?

ಲೆಕ್ಕದ ಮೇಷ್ಟ್ರು

ಅಲ್ಲ, ಎ. ಇದು ಬಹಳ ಚೆನ್ನಾದ ಲೆಕ್ಕ.

ಹೇಳಿಕೆ 1: ಹುಡುಗರು 5ಕ, ಹುಡುಗಿಯರು 3ಕ. 6 ಜನ ಸೇರಿದ ಮೇಲೆ 5ಕ : (3ಕ + 6) = 5 : 4. ಅಡ್ಡ ಗುಣಿಸಿದರೆ 20ಕ = 15ಕ + 30. ಕ = 6. ಒಟ್ಟು 48. ಸಾಕು.

ಹೇಳಿಕೆ 2: (5ಕ + 5) : (3ಕ + 3) = 5 : 3. ಅಡ್ಡ ಗುಣಿಸಿ. 15ಕ + 15 = 15ಕ + 15. ಎರಡೂ ಕಡೆ ಒಂದೇ. ಕ ಎಷ್ಟಿದ್ದರೂ ಇದು ನಿಜ. ಇದ್ದ ಅನುಪಾತದಲ್ಲೇ ಜನ ಸೇರಿದರೆ ಅನುಪಾತ ಬದಲಾಗುವುದಿಲ್ಲ, ಅಷ್ಟೇ. ನಮಗೆ ಮೊದಲೇ ಗೊತ್ತಿದ್ದ ವಿಷಯವನ್ನೇ ಈ ಹೇಳಿಕೆ ಮತ್ತೆ ಹೇಳುತ್ತಿದೆ.

'ಹುಡುಗರಲ್ಲೂ ಹುಡುಗಿಯರಲ್ಲೂ ಶೇ 25ರಷ್ಟು ಮಕ್ಕಳು ಹೊರಟುಹೋದರೂ ಅನುಪಾತ ಅದೇ' ಅನ್ನುವುದೂ ಇದೇ ಜಾತಿ. ಎರಡೂ ಕಡೆ ಒಂದೇ ಶೇಕಡಾ ಕಡಿಮೆಯಾದರೆ ಅನುಪಾತ ಅಲುಗುವುದಿಲ್ಲ.

ಬರೀ ಒಂದು ಸಂಖ್ಯೆ ಇದ್ದರೆ ಸಾಲದು. ಆ ಸಂಖ್ಯೆ ಅನುಪಾತವನ್ನು ಅಲುಗಿಸಬೇಕು, ಇಲ್ಲವೇ ಯಾವುದಾದರೂ ಒಂದು ಪಾಲಿಗೆ ನೇರವಾಗಿ ಕೂತುಕೊಳ್ಳಬೇಕು. ಉದಾಹರಣೆಗೆ 'ಹುಡುಗರು 12 ಜನ ಜಾಸ್ತಿ' ಅಂದರೆ 2ಕ = 12. ಅಲ್ಲಿಗೆ ಮುಗಿಯಿತು.

ಚುಟುಕು

ಇದೇ ಥರ ಇನ್ನೊಂದು. ಕ + ಮ ಎಷ್ಟು?
ಹೇಳಿಕೆ 1: ಕ ಅನ್ನುವುದು ಮಗಿಂತ ಶೇ 25 ಜಾಸ್ತಿ.
ಹೇಳಿಕೆ 2: ಮ ಅನ್ನುವುದು ಕಗಿಂತ ಶೇ 20 ಕಡಿಮೆ.
ಎರಡು ಹೇಳಿಕೆ, ಎರಡು ಚರಾಕ್ಷರ ಅಂತ ಸಿ ಹಾಕುವವರು ಬಹಳ. ಕ = 1.25ಮ, ಮ = 0.8ಕ. ಎರಡೂ ಒಂದೇ ಸಮೀಕರಣ. ಉತ್ತರ ಇ.

ಓದುಗೆಳೆಯ

ಇದು ತಲೆಗೆ ಹೋಯಿತು. ಆದರೆ ಶೇ 25 ಜಾಸ್ತಿ ಅಂದರೆ ಆ ಕಡೆಯಿಂದ ಶೇ 25 ಕಡಿಮೆ ಯಾಕಲ್ಲ ಅಂತ ನನ್ನ ಗೆಳತಿ ಕೇಳುತ್ತಿದ್ದಾಳೆ.

ಪೆನ್ಸಿಲ್

ತಳ ಬೇರೆ ಆಗಿದೆ, ಅದಕ್ಕೆ. ಮ 100 ಆದರೆ ಕ 125. ಮೇಲೆ ಹೋಗುವಾಗ 25ನ್ನು 100ರ ಮೇಲೆ ಲೆಕ್ಕ ಹಾಕಿದಿರಿ. ಕೆಳಗೆ ಬರುವಾಗ ಅದೇ 25ನ್ನು 125ರ ಮೇಲೆ ಹಾಕಬೇಕು. 25 ಭಾಗಿಸು 125, ಅಂದರೆ ಶೇ 20. ಶೇಕಡಾ ಕಂಡ ಕಡೆಯೆಲ್ಲ 'ಯಾವುದರ ಮೇಲೆ?' ಅಂತ ಪಕ್ಕದಲ್ಲಿ ಬರೆದುಕೊಳ್ಳುವ ಅಭ್ಯಾಸ ಮಾಡಿ. ಈ ಒಂದು ಅಭ್ಯಾಸದಿಂದ ಎಷ್ಟೋ ಲೆಕ್ಕ ಸರಿಹೋಗುತ್ತವೆ.

ಈ ಜೋಡಿಯನ್ನೂ ನೋಡಿ. ಪರೀಕ್ಷೆ ಬರೆದವರಲ್ಲಿ ಶೇ 70 ಜನ ಗಣಿತದಲ್ಲಿ ಪಾಸ್. ಗಣಿತ, ವಿಜ್ಞಾನ ಎರಡರಲ್ಲೂ ಪಾಸಾದವರು ಶೇಕಡಾ ಎಷ್ಟು?
ಹೇಳಿಕೆ 1: ಗಣಿತ ಪಾಸಾದವರ ಪೈಕಿ ಶೇ 80 ಜನ ವಿಜ್ಞಾನವನ್ನೂ ಪಾಸು ಮಾಡಿದ್ದಾರೆ.
ಹೇಳಿಕೆ 2: ವಿಜ್ಞಾನ ಪಾಸಾದವರ ಪೈಕಿ ಶೇ 80 ಜನ ಗಣಿತವನ್ನೂ ಪಾಸು ಮಾಡಿದ್ದಾರೆ.

ಅವಸರದಲ್ಲಿ ಓದಿದರೆ ಎರಡೂ ಒಂದೇ ಥರ ಕಾಣುತ್ತವೆ. ಮೊದಲನೆಯದರ ತಳ ಗಣಿತ ಪಾಸಾದವರು. ಅದು ಗೊತ್ತಿದೆ, ಶೇ 70. ಅದರಲ್ಲಿ ಶೇ 80 ಅಂದರೆ ಶೇ 56. ಸಾಕು. ಎರಡನೆಯದರ ತಳ ವಿಜ್ಞಾನ ಪಾಸಾದವರು. ಅವರು ಎಷ್ಟು ಅಂತ ಎಲ್ಲೂ ಇಲ್ಲ. ಅವರು ಶೇ 50 ಇದ್ದರೆ ಎರಡರಲ್ಲೂ ಪಾಸಾದವರು ಶೇ 40. ಶೇ 60 ಇದ್ದರೆ ಶೇ 48. ಸಾಲದು. ಉತ್ತರ ಎ.

ನಿಧಾನಿ

ಮಿಶ್ರಣದ ಲೆಕ್ಕಕ್ಕೂ ಮೇಷ್ಟ್ರ ಪ್ರಶ್ನೆ ಹೊಂದುತ್ತದಾ? ಶೇ 20 ಉಪ್ಪಿರುವ ದ್ರಾವಣ, ಶೇ 50 ಉಪ್ಪಿರುವ ದ್ರಾವಣ. ಎರಡನ್ನೂ ಯಾವ ಅನುಪಾತದಲ್ಲಿ ಬೆರೆಸಿದರು?
ಹೇಳಿಕೆ 1: ಮಿಶ್ರಣದಲ್ಲಿ ಶೇ 30 ಉಪ್ಪಿದೆ.
ಹೇಳಿಕೆ 2: ಮಿಶ್ರಣ ಒಟ್ಟು 12 ಲೀಟರ್.

ಲೆಕ್ಕದ ಮೇಷ್ಟ್ರು

ಚೆನ್ನಾಗಿ ಹೊಂದುತ್ತದೆ. ಕೇಳಿದ್ದು ಅನುಪಾತ, ಅಂದರೆ ಪ್ರಮಾಣ. ಹಾಗಾಗಿ 12 ಲೀಟರ್ ಅನ್ನುವುದನ್ನು ನೋಡಿದಾಗಲೇ ಅನುಮಾನ ಬರಬೇಕು. ಶೇ 30 ಅನ್ನುವುದು 20ರಿಂದ 10 ದೂರ, 50ರಿಂದ 20 ದೂರ. ಯಾವುದು ಹತ್ತಿರವೋ ಅದೇ ಜಾಸ್ತಿ ಇರಬೇಕು. ಅನುಪಾತ 20:10, ಅಂದರೆ 2:1. ಎ.

ಅದೇ ಲೆಕ್ಕದಲ್ಲಿ 'ಮೊದಲ ದ್ರಾವಣ ಎಷ್ಟು ಲೀಟರ್ ಹಾಕಿದರು?' ಅಂತ ಕೇಳಿದರೆ ಉತ್ತರ ಸಿ ಆಗಿಬಿಡುತ್ತದೆ, 8 ಲೀಟರ್. ಹೇಳಿಕೆಗಳು ಒಂದಕ್ಷರ ಬದಲಾಗಿಲ್ಲ. ಕೇಳಿದ್ದು ಬದಲಾಯಿತು, ಅಷ್ಟೇ.

ನಿಮ್ಮ ಉದ್ಯೋಗಿಗಳ ಲೆಕ್ಕವೂ ಒಳಗೆ ಇದೇ. ಶೇ 20 ಮತ್ತು ಶೇ 10ರ ಮಿಶ್ರಣ ಶೇ 16. 10ರಿಂದ 6 ದೂರ, 20ರಿಂದ 4 ದೂರ, ಅನುಪಾತ 6:4. ಮತ್ತೆ 3:2 ಸಿಕ್ಕಿತು. ಇದನ್ನು ಒಂದು ಸಲ ಕಂಡವರಿಗೆ ಮಿಶ್ರಣ, ಸರಾಸರಿ, ಶೇಕಡಾ ಹೆಚ್ಚಳ ಎಲ್ಲವೂ ಒಂದೇ ಲೆಕ್ಕವಾಗಿ ಕಾಣುತ್ತವೆ. ನನಗೆ ಅಂಕಗಣಿತದಲ್ಲಿ ತುಂಬಾ ಇಷ್ಟವಾಗುವ ಜಾಗ ಇದು.

ಸಂಜೆ ತರಗತಿ

ಹಾಗಾದರೆ ಬರೀ ಶೇಕಡಾ, ಬರೀ ಅನುಪಾತ ಕೊಟ್ಟು ಎಣಿಕೆ ಕೇಳಿದರೆ ಕಣ್ಣು ಮುಚ್ಚಿ ಇ ಹಾಕಬಹುದಾ?

ಪೆನ್ಸಿಲ್

ಬೇಡ! ಇದನ್ನು ನೋಡಿ.

ಒಂದು ಕೊಠಡಿಯಲ್ಲಿ ಜನರಿದ್ದಾರೆ, ಆದರೆ 60ಕ್ಕಿಂತ ಕಡಿಮೆ. ಎಷ್ಟು ಜನ?
ಹೇಳಿಕೆ 1: ಅವರಲ್ಲಿ ಸರಿಯಾಗಿ ಶೇ 40 ಜನ ಕನ್ನಡಕ ಹಾಕಿದ್ದಾರೆ.
ಹೇಳಿಕೆ 2: ಪುರುಷರಿಗೂ ಮಹಿಳೆಯರಿಗೂ ಇರುವ ಅನುಪಾತ 4:7.

ಶೇ 40 ಅಂದರೆ ಐದರಲ್ಲಿ ಎರಡು ಪಾಲು. ಜನರನ್ನು ಕತ್ತರಿಸಲು ಆಗುವುದಿಲ್ಲ, ಹಾಗಾಗಿ ಒಟ್ಟು ಸಂಖ್ಯೆ 5ರಿಂದ ಭಾಗವಾಗಬೇಕು. 4:7 ಅಂದರೆ ಒಟ್ಟು 11 ಪಾಲು, ಹಾಗಾಗಿ 11ರಿಂದಲೂ ಭಾಗವಾಗಬೇಕು. ಎರಡೂ ಸೇರಿದರೆ 55ರಿಂದ ಭಾಗವಾಗಬೇಕು. 60ರ ಒಳಗೆ ಅಂಥದ್ದು 55 ಒಂದೇ. ಉತ್ತರ ಸಿ.

ಈಗ '60ಕ್ಕಿಂತ ಕಡಿಮೆ' ಅನ್ನುವುದನ್ನು '120ಕ್ಕಿಂತ ಕಡಿಮೆ' ಅಂತ ಮಾಡಿ. 55 ಆಗಬಹುದು, 110 ಕೂಡ ಆಗಬಹುದು. ಉತ್ತರ ಇ. ಪ್ರಶ್ನೆಯಲ್ಲಿ ಸುಮ್ನೆ ಹಾಕಿದ ಹಾಗೆ ಕಾಣುವ ಮಿತಿ ಉತ್ತರವನ್ನೇ ತಿರುಗಿಸುತ್ತದೆ. ಜನ, ಪುಸ್ತಕ, ವಾಹನ ಥರದ ಎಣಿಸುವ ವಸ್ತು ಬಂದರೆ, ಜೊತೆಗೆ ಒಂದು ಮಿತಿಯೂ ಇದ್ದರೆ, ಭಾಗವಾಗುವ ಲೆಕ್ಕ ಮಾಡಿಯೇ ಮುಂದೆ ಹೋಗಿ. ನೀರು, ತೂಕ, ದೂರ ಆದರೆ ಈ ಸಹಾಯ ಸಿಗುವುದಿಲ್ಲ, ಅಲ್ಲಿ ಅರ್ಧ, ಕಾಲು ಎಲ್ಲ ನಡೆಯುತ್ತದೆ.

'ಸರಿಯಾಗಿ' ಅನ್ನುವ ಮಾತನ್ನೂ ಬಿಡಬೇಡಿ. 'ಸುಮಾರು ಶೇ 40' ಅಂದಿದ್ದರೆ 5ರಿಂದ ಭಾಗವಾಗಬೇಕು ಅನ್ನುವ ವಾದವೇ ನಿಲ್ಲುವುದಿಲ್ಲ.

ಲೆಕ್ಕದ ಮೇಷ್ಟ್ರು

ಇದಕ್ಕೆ ಅಂಟಿಕೊಂಡೇ ಇನ್ನೊಂದು ಮಾತು. ಜನರ ಲೆಕ್ಕದಲ್ಲಿ ಸಂಖ್ಯೆ ಸೊನ್ನೆಗಿಂತ ಜಾಸ್ತಿ ಅಂತ ತಾನಾಗಿಯೇ ಸಿಗುತ್ತದೆ. ಬರೀ ಅಕ್ಷರ ಕೊಟ್ಟರೆ ಸಿಗುವುದಿಲ್ಲ. 'ಕ, ಮಗಿಂತ ದೊಡ್ಡದೇ?' ಅಂತ ಕೇಳಿ 'ಕದ ಶೇ 30 = ಮದ ಶೇ 40' ಅಂತ ಕೊಟ್ಟರು ಅನ್ನಿ. ಮ 3 ಆದರೆ ಕ 4, ಹೌದು. ಮ ಋಣ 3 ಆದರೆ ಕ ಋಣ 4, ಅಲ್ಲ. ಸಾಲದು. ಎರಡನೇ ಹೇಳಿಕೆಯಲ್ಲಿ 'ಕ + ಮ ಧನ ಸಂಖ್ಯೆ' ಅಂತ ಬಂದರೆ ಆಗ ಎರಡೂ ಸೇರಿ ಸಾಕು.

ನಿಧಾನಿ

'ಹೌದಾ, ಇಲ್ವಾ' ಪ್ರಶ್ನೆಗಳಲ್ಲಿ ನನಗೆ ಇನ್ನೊಂದು ಗೊಂದಲ. ಉತ್ತರ 'ಇಲ್ಲ' ಅಂತ ಬಂದರೆ ಹೇಳಿಕೆ ಸಾಲದು ಅಂತ ಅರ್ಥವಾ?

ಚುಟುಕು

ಅಲ್ಲ. ಖಚಿತವಾದ 'ಇಲ್ಲ' ಕೂಡ ಉತ್ತರವೇ. ಕೆಲವೊಮ್ಮೆ ಹೌದು, ಕೆಲವೊಮ್ಮೆ ಇಲ್ಲ ಅಂತ ಬಂದರೆ ಮಾತ್ರ ಸಾಲದು.

ಪೆನ್ಸಿಲ್

ಉದಾಹರಣೆ ಕೊಡುತ್ತೇನೆ. ಒಂದು ಪತ್ರಿಕೆಯ ಓದುಗರ ಸಂಖ್ಯೆ ಮೊದಲು ಶೇ ಪ ಏರಿತು, ಆಮೇಲೆ ಶೇ ರ ಇಳಿಯಿತು. ಪ, ರ ಎರಡೂ ಧನ ಸಂಖ್ಯೆ. ಕೊನೆಯ ಸಂಖ್ಯೆ ಮೊದಲಿಗಿಂತ ಜಾಸ್ತಿಯೇ?
ಹೇಳಿಕೆ 1: ರ = 20.
ಹೇಳಿಕೆ 2: ಪ, ರಗಿಂತ ಕಡಿಮೆ.

ಹೇಳಿಕೆ 1: ಪ 30 ಆದರೆ 1.3 × 0.8 = 1.04, ಹೌದು. ಪ 10 ಆದರೆ 1.1 × 0.8 = 0.88, ಇಲ್ಲ. ಸಾಲದು. ಹೇಳಿಕೆ 2: ಏರಿದ ಮೇಲೆ ಸಂಖ್ಯೆ ದೊಡ್ಡದಾಗಿದೆ. ಇಳಿಕೆಯ ಶೇಕಡಾ ಆ ದೊಡ್ಡ ಸಂಖ್ಯೆಯ ಮೇಲೆ ಬೀಳುತ್ತದೆ. ಏರಿದ್ದಕ್ಕೆ ಸಮವಾದ ಶೇಕಡಾ ಇಳಿದರೂ ಮೊದಲಿಗಿಂತ ಕೆಳಗೆ ಹೋಗುತ್ತದೆ, ಇಲ್ಲಿ ಅದಕ್ಕಿಂತಲೂ ಜಾಸ್ತಿ ಇಳಿದಿದೆ. ಉತ್ತರ ಯಾವಾಗಲೂ 'ಇಲ್ಲ'. ಸಾಕು. ಆಯ್ಕೆ ಬಿ.

ಹೇಳಿಕೆ 2ನ್ನು ನೋಡುವಾಗ ರ = 20 ಅನ್ನುವುದನ್ನು ಮನಸ್ಸಿನಿಂದ ತೆಗೆದಿಡಿ. ಮೊದಲ ಹೇಳಿಕೆ ಎರಡನೆಯದರ ಒಳಗೆ ನುಸುಳುವುದು ಬಹಳ ಸುಲಭ. ನಾನು ಹೇಳಿಕೆ 1ನ್ನು ಬೆರಳಿನಿಂದ ಮುಚ್ಚಿ ಹೇಳಿಕೆ 2ನ್ನು ಓದುತ್ತೇನೆ.

ಓದುಗೆಳೆಯ

ಗೆಳತಿಯೂ ನಾನೂ ಸೇರಿ ಒಂದು ಲೆಕ್ಕ ಕಟ್ಟಿದ್ದೇವೆ. ಸರಿ ಇದೆಯಾ ನೋಡಿ ಮೇಷ್ಟ್ರೇ.

ಒಂದು ಟ್ಯಾಂಕ್‌ನಲ್ಲಿ ಸ್ವಲ್ಪ ನೀರಿದೆ. ಟ್ಯಾಂಕ್ ಒಟ್ಟು ಎಷ್ಟು ಲೀಟರ್ ಹಿಡಿಯುತ್ತದೆ?
ಹೇಳಿಕೆ 1: 30 ಲೀಟರ್ ಹಾಕಿದರೆ ಈಗಿರುವ ನೀರು ಶೇ 15ರಷ್ಟು ಹೆಚ್ಚಾಗುತ್ತದೆ.
ಹೇಳಿಕೆ 2: ತುಂಬಿದ ಭಾಗಕ್ಕೂ ಖಾಲಿ ಭಾಗಕ್ಕೂ ಇರುವ ಅನುಪಾತ 2:3.

ಹೇಳಿಕೆ 1ರಿಂದ ಈಗಿರುವ ನೀರು 200 ಲೀಟರ್. ಟ್ಯಾಂಕ್ ಎಷ್ಟು ದೊಡ್ಡದು ಅಂತ ಗೊತ್ತಾಗಲ್ಲ. ಹೇಳಿಕೆ 2 ಬರೀ ಪ್ರಮಾಣ, ಶೇ 40 ತುಂಬಿದೆ. ಎರಡೂ ಸೇರಿದರೆ 200 ಅನ್ನುವುದು ಶೇ 40, ಹಾಗಾಗಿ ಟ್ಯಾಂಕ್ 500 ಲೀಟರ್. ಸಿ ಅಂತ ನಮ್ಮ ಉತ್ತರ.

ಲೆಕ್ಕದ ಮೇಷ್ಟ್ರು

ಪಕ್ಕಾ ಸರಿ. ಲೆಕ್ಕವನ್ನೂ ಚೆನ್ನಾಗಿ ಕಟ್ಟಿದ್ದೀರಿ. ಇದನ್ನೇ ಇನ್ನೊಂದು ಸಲ ತಿರುಗಿಸಿ ನೋಡಿ. ಹೇಳಿಕೆ 1ನ್ನು '30 ಲೀಟರ್ ಹಾಕಿದರೆ ಟ್ಯಾಂಕ್ ಶೇ 40ರಿಂದ ಶೇ 55ಕ್ಕೆ ತುಂಬುತ್ತದೆ' ಅಂತ ಬರೆಯಿರಿ. ಇಲ್ಲೂ 15 ಇದೆ, ಇಲ್ಲೂ 30 ಲೀಟರ್ ಇದೆ. ಆದರೆ ಈ 15ರ ತಳ ಈಗಿರುವ ನೀರಲ್ಲ, ಇಡೀ ಟ್ಯಾಂಕ್. ಟ್ಯಾಂಕ್‌ನ ಶೇ 15 ಅಂದರೆ 30 ಲೀಟರ್, ಹಾಗಾಗಿ ಟ್ಯಾಂಕ್ 200 ಲೀಟರ್. ಹೇಳಿಕೆ 1 ಒಂದೇ ಸಾಕಾಯಿತು, ಉತ್ತರ ಎ. ನಿಮ್ಮ ಲೆಕ್ಕದಲ್ಲಿ 200 ಬಂದದ್ದು ನೀರಿಗೆ, ಇಲ್ಲಿ 200 ಬಂದದ್ದು ಟ್ಯಾಂಕ್‌ಗೆ. ಎರಡನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು ಗೆಳತಿಗೂ ತೋರಿಸಿ.